ಮೂರು ನೀರು

ನೆನೆಹಾಕಿದ್ದ ಬಟ್ಟೆಗಳನ್ನು ಅವಳು ಒಂದೊಂದಾಗಿ ಬಕೆಟ್ಟಿನಿಂದೆತ್ತಿ ಒಗೆಯುವ ಕಲ್ಲಿನ ಮೇಲೆ ಹರವಿ ಉಜ್ಜುತ್ತಿದ್ದಳು. ಮಗಳ ಶಾಲೆಯ ಅಂಗಿಯ ಕಾಲರಿನಲ್ಲಿ ಕೂತಿದ್ದ ಕಪ್ಪು ಗೆರೆ ಮೊದಲು ಹಠ ಮಾಡಿತು, ಆಮೇಲೆ ಸಡಿಲಾಯಿತು, ಆಮೇಲೆ ನೊರೆಯ ಹೆಗಲೇರಿ ಹೊರಗೆ ಬಂತು. ಬಿಳಿಯ ನೊರೆ ನೋಡನೋಡುತ್ತ ಬೂದುಬಣ್ಣಕ್ಕೆ ತಿರುಗುವ ಆ ಗಳಿಗೆ ಅವಳಿಗೆ ಎಂದೂ ಹಳತಾಗಿರಲಿಲ್ಲ. ಸಂಬಳಕ್ಕೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಅಲ್ಲಿ ಬಟ್ಟೆಯ ಬದಲು ಹಿಟ್ಟಿನಂತೆ ಅರೆದ ಕಲ್ಲು, ಕೊಳೆಯ ಬದಲು ಆ ಕಲ್ಲಿನೊಳಗೆ ಅಡಗಿದ ಯುರೇನಿಯಂ ಖನಿಜದ ಕಣ. ನೀರಿಗೆ ಗಾಳಿ ಊದಿ ಗುಳ್ಳೆ ಎಬ್ಬಿಸಿ, ಬೇಕಾದ ಕಣ ಮಾತ್ರ ಗುಳ್ಳೆಗೆ ಅಂಟಿಕೊಂಡು ಮೇಲಕ್ಕೆ ತೇಲಿ ಬರುವಂತೆ, ಬೇಡದ ಮರಳು ತೆಪ್ಪಗೆ ತಳದಲ್ಲೇ ಕೂರುವಂತೆ ಮಾಡುವುದು ಅವಳ ಕಸುಬು. "ಮನೇಲೂ ನೊರೆ, ಲ್ಯಾಬಲ್ಲೂ ನೊರೆ. ನಿನಗೆ ಬೇರೆ ಸಂಬಳ ಯಾಕೆ ಕೊಡ್ತಾರೋ!" ಎಂದು ಗಂಡ ರೇಗಿಸುತ್ತಾನೆ. ಈ ವಾರ ಅವನಿಗೆ ಬೆಳಗಿನ ಪಾಳಿ. ಎಲ್ಲರೂ ಏಳುವ ಮೊದಲೇ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋಗಿದ್ದ. ಹೋಗುವ ಮುಂಚೆ ಅವಳ ಪಾಲಿನ ಚಹಾ ಸೋಸಿ ಮುಚ್ಚಿಟ್ಟಿದ್ದ. ಅದು ಆರಿದ್ದರೂ ಅವಳು ಬಿಸಿ ಮಾಡದೆ ಹಾಗೇ ಕುಡಿದಿದ್ದಳು.

"ಅಮ್ಮ."

ಬಚ್ಚಲಿನ ಹೊಸ್ತಿಲಾಚೆ ಮಗಳು ಕುಕ್ಕರಗಾಲಿನಲ್ಲಿ ಕೂತಿದ್ದಳು. ಯಾವಾಗ ಬಂದು ಕೂತಳೋ ಗೊತ್ತಾಗಿರಲಿಲ್ಲ. ಗೊತ್ತಾಗದೆ ಬರುವ ಮಗುವೇ ಅಲ್ಲ ಅದು. ಕಾದ ಎಣ್ಣೆಗೆ ಬಿದ್ದ ಹಾಗೆ ಹಗಲೆಲ್ಲ ಚಟಪಟ ಎನ್ನುತ್ತಾಳೆಂದು ಅಜ್ಜಿ ಅವಳಿಗೆ ಸಾಸಿವೆ ಎಂದು ಹೆಸರಿಟ್ಟಿದ್ದರು. ಈಚೆಗೆ ಕೆಲವು ದಿನಗಳಿಂದ ಸಾಸಿವೆ ಸಿಡಿಯುವುದನ್ನು ಬಿಟ್ಟಿತ್ತು.

"ಹೂಂ."

"ಒಂದು ಕೇಳ್ಲಾ?"

"ಕೇಳಮ್ಮ."

"ಬಯ್ಯಬಾರ್ದು."

"ಬಯ್ಯಲ್ಲ."

"ನಗ್ಲೂಬಾರ್ದು."

"ನಗೋದೂ ಇಲ್ಲ. ಆಯ್ತಾ? ಕೇಳೀಗ."

ಸಾಸಿವೆ ಎರಡೂ ಕೈಗಳನ್ನು ಲಂಗದ ನೆರಿಗೆಯೊಳಗೆ ಸುತ್ತಿಟ್ಟುಕೊಂಡು, ಬಾಯಿ ತೆರೆದು, ಮತ್ತೆ ಮುಚ್ಚಿ, ತೆರೆದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತೆ ಅದನ್ನು ಒಳಗಿನಿಂದ ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡು ಬಂದು, "ತಗೋ, ನಿನ್ನ ಕಲ್ಲಿನ ಕಾರ್ಖಾನೆ" ಎಂದು ಸೊಸೆಯ ಕಿವಿಗೇ ಒತ್ತಿದರು. ಇವಳ ಕೈಯೆಲ್ಲ ಸೋಪು.

"ಅಕ್ಕಾ, ನೀರಿಲ್ಲ" ಎಂದಿತು ಗಿರಣಿಯಣ್ಣನ ದನಿ. ಲ್ಯಾಬಿನಲ್ಲಿ ಕಲ್ಲು ಅರೆಯುವ ಗಿರಣಿ ಅವನದು. ಅವಳಿಗಿಂತ ದೊಡ್ಡವನಾದ್ದರಿಂದ ಅವಳು ಅವನನ್ನು ಅಣ್ಣ ಎನ್ನುತ್ತಾಳೆ. ಕೆಲಸದಲ್ಲಿ ಅವಳು ದೊಡ್ಡವಳೆಂದು ಅವನು ಅವಳನ್ನು ಅಕ್ಕ ಎನ್ನುತ್ತಾನೆ. ಯಾರು ಯಾರಿಗೆ ದೊಡ್ಡವರೆಂಬುದು ಹೀಗೆ ಎಂದೂ ಬಗೆಹರಿದಿರಲಿಲ್ಲ.

"ಎಲ್ಲಿಲ್ಲ?"

"ಒಳಗೆಲ್ಲೂ ಇಲ್ಲ. ರಸ್ತೆ ಅಡಿ ಪೈಪು ಒಡೆದು ಹೊರಗಡೆ ಹೊಳೆ ಹರೀತಿದೆ, ಬಾತುಕೋಳಿ ಬಿಡಬಹುದು. ನಮ್ಮ ತೊಟ್ಟೀಲಿ ಮಾತ್ರ ತಳ ಕಾಣ್ತಿದೆ. ನಾನು ಆಗ್ಲೇ ಕಲ್ಲು ಅರೆದುಬಿಟ್ಟಿದೀನಲ್ಲ, ಏನ್ಮಾಡ್ಲಿ? ನಾಳೆಗಿಡ್ಲಾ?"

"ಇಡ್ಬೇಡಿ ಅಣ್ಣ, ಅರೆದಿದ್ದು ಇಟ್ರೆ ಕೆಡುತ್ತೆ." ಹೊಸದಾಗಿ ಒಡೆದ ಕಣದ ಮೈ ನೀರಿನಲ್ಲಿ ಹೊತ್ತು ಕಳೆದಷ್ಟೂ ಮಂಕಾಗುತ್ತದೆ, ಆಮೇಲೆ ಯಾವ ಗುಳ್ಳೆಗೂ ಅಂಟುವುದಿಲ್ಲ. "ಇರೋ ನೀರಲ್ಲೇ ಹೇಗಾದ್ರೂ ಮಾಡೋಣ. ಈಗ್ಲೇ ಬಂದೆ."

ತಿರುಗಿ ನೋಡಿದರೆ ಹೊಸ್ತಿಲು ಖಾಲಿ. ಬಟ್ಟೆ ಹಿಂಡಿ ಹರವಿ ಅವಳು ಒಳಗೆ ಬಂದಾಗ ಸಾಸಿವೆ ಅಜ್ಜಿಯ ಮೊಣಕಾಲ ನಡುವೆ ಸಿಕ್ಕಿಕೊಂಡು ತಲೆ ಬಾಚಿಸಿಕೊಳ್ಳುತ್ತಿದ್ದಳು. "ಏನೋ ಕೇಳ್ತೀನಂದ್ಯಲ್ಲೇ?" ಎಂದದ್ದಕ್ಕೆ, ಹೆರಳು ಅಜ್ಜಿಯ ಕೈಯಲ್ಲಿದ್ದುದರಿಂದ ತಲೆಯಾಡಿಸಲಾಗದೆ, "ಏನಿಲ್ಲ. ಸಂಜೆ" ಎಂದಳು. ಅತ್ತೆಗೆ ಬೇರೆಯದೇ ಚಿಂತೆ. "ಈ ಮನೇಲಿ ಸೋಪನ್ನ ಯಾರೋ ತಿಂತಿದಾರಪ್ಪ. ಮೊನ್ನೆ ತಾನೆ ಒಡೆದಿದ್ದು, ಇವತ್ತು ನೋಡಿದ್ರೆ ಉಗುರಿನಷ್ಟಾಗಿದೆ. ಇಲಿ ಅನ್ನೋಣ ಅಂದ್ರೆ ಅಷ್ಟು ಶುಚಿಯಾದ ಇಲಿ ನಾನೆಲ್ಲೂ ಕಂಡಿಲ್ಲ." ಸಾಸಿವೆ ನಗಲಿಲ್ಲ. ಅವಳ ಅಮ್ಮನಿಗೆ ಕಿವಿ ಬಿಸಿಯಾಯಿತು. ಸೋಪು ತಿನ್ನುವ ಇಲಿ ತಾನೇ ಎಂದು ಅವಳಿಗೆ ಗೊತ್ತಿತ್ತು. "ಸಂಜೆ ತರ್ತೀನಿ ಅತ್ತೆ" ಎಂದು, ಮಗಳ ಕೆನ್ನೆಯ ಹತ್ತಿರ ಕೈ ಒಯ್ದು, ಯಾಕೋ ಕೆನ್ನೆ ಮುಟ್ಟದೆ ಅವಳ ಚೀಲದ ಪಟ್ಟಿ ಸರಿಮಾಡಿ ಹೊರಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಕ್ಕ ಕೂಡಲೇ ಆ ಕೇಳದೆ ಉಳಿದ ಪ್ರಶ್ನೆ ಬಂದು ಪಕ್ಕದಲ್ಲೇ ಕೂತುಕೊಂಡಿತು. ಏನು ಕೇಳಬಹುದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಯ್ಯಬಾರದು, ನಗಬಾರದು ಎಂದು ಇಷ್ಟು ಕಟ್ಟುಮಾಡಿ ಕೇಳುವ ಮಾತು ಇನ್ನೇನಿರುತ್ತದೆ? ಅಮ್ಮ, ನಿನ್ನ ಕೈಯಲ್ಲಿ ವಿಷ ಇದೆಯಾ? ಹಾಗೇ ಕೇಳುತ್ತಾಳೆ. ಕೇಳುವುದಕ್ಕೆ ಇಷ್ಟು ದಿನ ತಡೆದದ್ದೇ ಹೆಚ್ಚು. ಬಲೂನು ಕಟ್ಟಿದ ಆ ಕೋಣೆಯಲ್ಲಿ ಮಗು ಅಲ್ಲೇ ನಿಂತಿತ್ತಲ್ಲ. ಮಗಳ ಗೆಳತಿಯ ಹುಟ್ಟುಹಬ್ಬ. ಸುಮ್ಮನೆ ಕೂರುವುದು ಬಾರದೆ ತಾನು ಎಲ್ಲರ ಕೈಗೂ ತಟ್ಟೆ ಕೊಡುತ್ತಿದ್ದಳು. ಆ ಮನೆಯಾಕೆ ಬಲು ನಯವಾಗಿ, "ಅಯ್ಯೋ ನಿಮಗ್ಯಾಕೆ ತೊಂದ್ರೆ, ಕೂತ್ಕೊಳ್ಳಿ" ಎಂದು ತಟ್ಟೆಗಳ ಕಟ್ಟನ್ನು ಅವಳಿಂದ ತೆಗೆದುಕೊಂಡಳು. ತೆಗೆದುಕೊಂಡವಳು ಅವನ್ನು ಹಂಚಲಿಲ್ಲ. ಒಳಗೆ ಹೋಗಿ ಬೇರೆ ತಟ್ಟೆಗಳನ್ನು ತಂದು ಹಂಚಿದಳು. ಇನ್ನೊಬ್ಬಳು ಅದನ್ನು ಕಂಡೂ ಕಾಣದ ಹಾಗೆ, "ನೀವು ಆ ಯುರೇನಿಯಂ ಲ್ಯಾಬಲ್ಲಿರೋದಂತೆ? ಕತ್ತಲಲ್ಲಿ ಕೈ ಮಿಣಮಿಣ ಅನ್ನುತ್ತಾ? ಕರೆಂಟ್ ಬಿಲ್ಲು ಉಳೀತು ಬಿಡಿ!" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ತಾನೇ ನಕ್ಕಿದ್ದಳು. ಆ ನಗೆ ಇವತ್ತಿಗೂ ಅವಳಿಗೆ ಗಂಟಲಲ್ಲಿ ಮುಳ್ಳು. ಹೇಳಲು ಎಷ್ಟೊಂದಿತ್ತು! ನಮ್ಮದು ಬರೀ ಕಲ್ಲು, ಅದರಲ್ಲಿ ಬೇಕಾದ್ದಿರುವುದು ಸಾರಿಗೆ ಬಿದ್ದ ಉಪ್ಪಿಗಿಂತ ಕಡಿಮೆ. ಕೈಗವಸು ತೊಡುತ್ತೇವೆ, ಅಂಗಿ ಅಲ್ಲೇ ಬಿಚ್ಚಿಡುತ್ತೇವೆ, ಹೊರಡುವಾಗ ಎರಡೂ ಕೈ ಎರಡೂ ಕಾಲು ಯಂತ್ರದೊಳಗಿಟ್ಟು ಹಸಿರು ದೀಪ ಹತ್ತಿದ ಮೇಲೇ ಬಾಗಿಲು ತೆರೆಯುವುದು, ನಿಮ್ಮ ಕೈಗೆ ಯಾರಾದರೂ ದಿನಾ ಪರೀಕ್ಷೆ ಮಾಡಿ ಪಾಸು ಎನ್ನುತ್ತಾರಾ? ಇಷ್ಟನ್ನೂ ಅವಳು ಮನೆಗೆ ಬಂದು, ಬಚ್ಚಲಿನಲ್ಲಿ, ಗೋಡೆಗೆ ಹೇಳಿದ್ದಳು. ಹೇಳುತ್ತ ಕೈ ತೊಳೆಯುತ್ತಿದ್ದಳು. ಒಂದು ಸಲ ತೊಳೆದರೆ ಸಾಲದೆನಿಸಿ ಎರಡನೆಯ ಸಲ, ಎರಡು ಸಲ ತೊಳೆದದ್ದು ಯಾಕೋ ಅರ್ಧಕ್ಕೆ ನಿಂತಂತೆನಿಸಿ ಇನ್ನೊಂದು ಸಲ.

ಅಂದಿನಿಂದ ಅದೇ ರೂಢಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಸಾಸಿವೆ ಓಡಿಬಂದು ಹೊಟ್ಟೆಗೆ ಡಿಕ್ಕಿ ಹೊಡೆಯುತ್ತಿದ್ದಳು. ಅವಳನ್ನು ಮೊಣಕೈಯಿಂದ ತಡೆದು, "ತಡಿ ತಡಿ, ಮುಟ್ಬೇಡ, ಅಮ್ಮ ತೊಳ್ಕೊಂಡು ಬರ್ತೀನಿ" ಎಂದು ಕೈಗಳೆರಡನ್ನೂ ಒದ್ದೆ ಬಣ್ಣ ಹತ್ತಿದವರ ಹಾಗೆ ಗಾಳಿಯಲ್ಲೆತ್ತಿ ಹಿಡಿದು ಬಚ್ಚಲಿಗೆ ಹೋಗುವುದು. ಮೊದಮೊದಲು ಮಗು ಬಚ್ಚಲ ಬಾಗಿಲಲ್ಲಿ ಕಾಯುತ್ತಿತ್ತು. ಆಮೇಲೆ ಓಡಿಬರುವುದು ನಡೆದುಬರುವುದಾಯಿತು, ನಡೆದುಬರುವುದು ಗೋಡೆಗೆ ಒರಗಿ ನೋಡುವುದಾಯಿತು. ಅವಳು ಮೂರು ನೀರು ಮುಗಿಸಿ, ಒರೆಸಿಕೊಂಡು, ಮುಖ ಅರಳಿಸಿಕೊಂಡು ಬರುವಷ್ಟರಲ್ಲಿ ಮಗು ಪುಸ್ತಕ ಬಿಡಿಸಿ ಕೂತಿರುತ್ತದೆ. ಓದುವ ಮಗುವನ್ನು ಎತ್ತಿಕೊಳ್ಳುವುದು ಹೇಗೆ? ಬೆಳಗಿನ ತಲೆ ಬಾಚುವುದನ್ನೂ ಅವಳೇ ಅತ್ತೆಗೆ ದಾಟಿಸಿದ್ದಳು. ಮಗು ಹೆದರಿದೆ, ಹೆದರಿದ ಮಗುವಿನ ಮೇಲೆ ಕೈ ಹೇರಬಾರದು, ತಾನಾಗಿ ಬರಲಿ ಎಂದು. ಇದನ್ನು ತಾಳ್ಮೆ ಎಂದುಕೊಂಡಿದ್ದಳು. ಕಿಟಕಿಯ ಗಾಜಿನಲ್ಲಿ ಅವಳ ಮುಖದ ಮೇಲೆ ಅಂಗಡಿಗಳು, ಮರಗಳು, ಸೈಕಲ್ಲುಗಳು ಓಡುತ್ತಿದ್ದವು. ಇಲ್ಲ ಕಂದಾ, ವಿಷ ಇಲ್ಲ, ನೋಡು ಎಂದು ಶುರುಮಾಡಬೇಕು. ಅಥವಾ ಮೊದಲು ಯಂತ್ರದ ಕಥೆ ಹೇಳಬೇಕು. ಹಸಿರು ದೀಪ ಮಕ್ಕಳಿಗೆ ಇಷ್ಟವಾಗುತ್ತದೆ. "ಯಂತ್ರಕ್ಕೆ ನಾನಂದ್ರೆ ಪ್ರೀತಿ" ಎಂದು ಬಾಯಿಬಿಟ್ಟೇ ಅಂದುಬಿಟ್ಟಳೇನೋ, ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. ಅವಳು ಕೆಮ್ಮಿದಳು.

ಲ್ಯಾಬಿನ ಮುಂದೆ ನಿಜಕ್ಕೂ ಹೊಳೆ ಹರಿಯುತ್ತಿತ್ತು. ಗಿರಣಿಯಣ್ಣ ಪ್ಯಾಂಟು ಮಡಚಿಕೊಂಡು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಅವಳನ್ನು ದಾಟಿಸಲು ಬಂದ. "ಬನ್ನಿ ಅಕ್ಕ, ದೋಣಿ ಕಳಿಸೋಣ ಅಂತಿದ್ದೆ." ಒಳಗೆ ಮಾತ್ರ ನಲ್ಲಿಗಳು ಸುಮ್ಮನೆ ಸೂಂ ಎನ್ನುತ್ತಿದ್ದವು. ಇರುವ ಒಂದು ತೊಟ್ಟಿಯಲ್ಲಿ ಕೈಕಾಲು ತೊಳೆಯುವುದಕ್ಕೆಂದು ಮೀಸಲಿಟ್ಟ ನೀರನ್ನು ಮುಟ್ಟುವಂತಿಲ್ಲ. ಉಳಿದದ್ದು ಒಂದು ಪ್ರಯೋಗಕ್ಕೆ ಸಾಕಾದರೆ ಪುಣ್ಯ. ಅಡಿಗೆಮನೆಯ ಹಾಗೇ ಆ ಕೋಣೆ ಅವಳಿಗೆ ಕಣ್ಣುಮುಚ್ಚಿದರೂ ಗೊತ್ತು: ಗೋಡೆಯುದ್ದಕ್ಕೆ ಬಟ್ಟಲು, ಜರಡಿ, ಬಾಟಲಿ; ನಡುವೆ ಮೇಜಿನ ಮೇಲೆ ಮೀನಿನ ಗಾಜಿನ ತೊಟ್ಟಿಯಷ್ಟೇ ದೊಡ್ಡದಾದ ತೇಲಿಸುವ ತೊಟ್ಟಿ, ಅದರೊಳಗೆ ಇಳಿಬಿದ್ದ ಕಡೆಗೋಲು, ಕಡೆಗೋಲಿನ ಟೊಳ್ಳು ಕೊಳವೆಯಿಂದ ಇಳಿಯುವ ಗಾಳಿ. ಮೂಲೆಯ ಕೊಠಡಿಯಲ್ಲಿ ಎಣಿಸುವ ಯಂತ್ರ, ಅದರ ಮುಂದೆ ಅವಳ ಜೊತೆಗಾತಿ. ಯಂತ್ರ ಟಿಕ್ ಟಿಕ್ ಎನ್ನುತ್ತದೆಂದು ಆ ಜೊತೆಗಾತಿಗೂ ಎಲ್ಲರೂ ಟಿಕ್‌ಟಿಕ್ ಎನ್ನುತ್ತಿದ್ದರು. ಪುಡಿಯಲ್ಲಿ ಯುರೇನಿಯಂ ಹೆಚ್ಚಿದ್ದಷ್ಟೂ ಟಿಕ್ಕುಗಳು ಮೈಮೇಲೆ ಬಂದವರ ಹಾಗೆ ಓಡುತ್ತವೆ. ಇಲ್ಲದಿದ್ದರೆ ಮುದಿ ಗಡಿಯಾರದ ಹಾಗೆ ತೂಕಡಿಸುತ್ತವೆ. ಕಳೆದ ಎಷ್ಟೋ ದಿನಗಳಿಂದ ಅವು ತೂಕಡಿಸುತ್ತಲೇ ಇದ್ದವು. ಕಲ್ಲು ಒಳ್ಳೆಯದೇ, ಅರೆದದ್ದು ಸರಿಯಾಗಿಯೇ ಇದೆ, ಆದರೂ ತೊಟ್ಟಿಯಲ್ಲಿ ಏಳುವುದು ಹೊಟ್ಟೆ ಉಬ್ಬಿದ, ಖಾಲಿ, ಬೆಳ್ಳನೆಯ ಗುಳ್ಳೆಗಳು. ಮುಟ್ಟುವ ಮೊದಲೇ ಟಪ್ಪೆಂದು ಒಡೆದುಹೋಗುವಂಥವು.

"ಮೂರು ನೀರಿಗೆ ಸಾಲಲ್ಲ ಅಕ್ಕ" ಎಂದ ಗಿರಣಿಯಣ್ಣ, ಅರೆದ ಕಲ್ಲಿನ ಬಕೆಟ್ಟನ್ನು ಅವಳ ಮುಂದಿಟ್ಟು.

ಮೂರು ನೀರು ಎಂದರೆ ಅಕ್ಕಿ ತೊಳೆದ ಹಾಗೆಯೇ. ಅರೆದ ಕಲ್ಲಿನಲ್ಲಿ ಜೇಡಿಯಂಥ ನಯವಾದ ಧೂಳಿರುತ್ತದೆ. ಅದು ಎಲ್ಲ ಕಣಗಳ ಮೈಗೂ ಮೆತ್ತಿಕೊಂಡರೆ ಯಾವುದು ಬೇಕಾದ್ದು ಯಾವುದು ಬೇಡದ್ದು ಎಂದು ಗುಳ್ಳೆಗೆ ತಿಳಿಯುವುದಿಲ್ಲ. ಅದಕ್ಕೇ ನೀರು ಹಾಕಿ, ಚೆನ್ನಾಗಿ ಕಲಕಿ, ತುಸು ಹೊತ್ತು ಬಿಟ್ಟು, ಮೇಲೆ ನಿಂತ ಬಗ್ಗಡವನ್ನು ಬಗ್ಗಿಸಿ ತೆಗೆಯುವುದು. ಒಂದು ಸಲ ಹಾಗೆ ಮಾಡಬೇಕೆಂಬುದು ಪದ್ಧತಿ. ಎರಡು, ಮೂರು ಎಂಬುದು ಅವಳು ಸೇರಿಸಿದ್ದು. ಶುಚಿ ಹೆಚ್ಚಾದರೆ ನಷ್ಟವೇನು ಎಂದು.

"ಒಂದೇ ನೀರು ಸಾಕು ಬಿಡಿ" ಎಂದಳು. ಎಂದ ಮೇಲೆ ಎದೆ ಅಳುಕಿತು. ತಲೆ ಬಾಚದೆ ಮಗುವನ್ನು ಶಾಲೆಗೆ ಕಳಿಸಿದಂಥ ಅಳುಕು. ಬಗ್ಗಡದ ಪಾತ್ರೆಯನ್ನು ಪಕ್ಕಕ್ಕಿಟ್ಟಳು. ಅಲ್ಲಿ ಏನನ್ನೂ ಮೋರಿಗೆ ಚೆಲ್ಲುವಂತಿಲ್ಲ; ಕೊಳೆನೀರಾದರೂ ಡಬ್ಬಿಗೆ ತುಂಬಿ ಚೀಟಿ ಅಂಟಿಸಿ ಸಾಲಾಗಿಡಬೇಕು. ಉಳಿದ ಮುದ್ದೆಯನ್ನು ತೊಟ್ಟಿಗೆ ಸುರಿದು ಕಡೆಗೋಲು ಓಡಿಸಿದಳು. ಸೋಡಾ ಪುಡಿ ಹಾಕಿದಳು. ಮರಳನ್ನು ಕೆಳಗೆ ಕೂರಿಸುವ ದ್ರವ ಹಾಕಿದಳು, ಕಾದಳು. ಆಮೇಲೆ ಬೇಕಾದ ಕಣಗಳಿಗೆ ಎಣ್ಣೆಯ ತೆಳು ಅಂಗಿ ತೊಡಿಸುವ ದ್ರವ, ಸೋಪಿನ ಒಡಹುಟ್ಟಿದ್ದೇ ಅದು, ತೊಟ್ಟು ತೊಟ್ಟಾಗಿ. ಆ ಅಂಗಿ ತೊಟ್ಟ ಕಣಕ್ಕೆ ನೀರೆಂದರೆ ಆಗದು, ಗಾಳಿ ಕಂಡರೆ ಸಾಕು, ಓಡಿಹೋಗಿ ತಬ್ಬಿಕೊಳ್ಳುತ್ತದೆ. ತಬ್ಬಿಕೊಂಡ ಗುಳ್ಳೆ ಎಷ್ಟೇ ಸಣ್ಣದಿರಲಿ, ಕಣ ಎಷ್ಟೇ ಭಾರವಿರಲಿ, ಮೇಲೆ ಹೊತ್ತು ತರುತ್ತದೆ. ಅಷ್ಟು ಭಾರದ ಕಲ್ಲನ್ನು ಅಷ್ಟು ಹಗುರವಾದದ್ದು ಎತ್ತುವುದನ್ನು ಮೊದಲ ಸಲ ಕಂಡಾಗ, ಆಗ ಅವಳಿಗೆ ಮದುವೆಯೂ ಆಗಿರಲಿಲ್ಲ, ಊಟ ಮರೆತು ತೊಟ್ಟಿಯ ಮುಂದೆ ನಿಂತುಬಿಟ್ಟಿದ್ದಳು. ಹೆತ್ತು ಮನೆಗೆ ಬಂದ ದಿನ ಸಾಸಿವೆಯನ್ನು ಎರಡು ಅಂಗೈ ಮೇಲೆ ಎತ್ತಿ ಹಿಡಿದಾಗಲೂ ಅದೇ ನೆನಪಾಗಿತ್ತು. ಆಗ ಅತ್ತೆ, "ಕತ್ತಿನ ಹಿಂದೆ ಕೈ ಕೊಡು, ಕೈ ಕೊಡು" ಎಂದು ಕೂಗುತ್ತಿದ್ದರು. ಕೊಟ್ಟಿದ್ದಳಲ್ಲ. ಕೊಟ್ಟೇ ಎತ್ತಿದ್ದಳು. ಎತ್ತಿಕೊಳ್ಳುವುದೆಂದರೆ ಆ ಮನೆಯಲ್ಲಿ ಆಗ ಒಂದು ಹಬ್ಬ.

"ಗಾಳಿ ಬಿಡ್ಲಾ?"

"ಬಿಡಿ."

ಮೊದಲು ಏನೂ ಇಲ್ಲ. ಬಗ್ಗಡ ನೀರು ನಡುಗಿತು, ಮಗ್ಗಲು ಬದಲಿಸಿತು. ಆಮೇಲೆ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಬೆಳ್ಳಗಿರಲಿಲ್ಲ. ಮೈತುಂಬ ಮಸಿ ಬಳಿದುಕೊಂಡ ಪುಟ್ಟ ಗುಳ್ಳೆ, ಒಡೆಯಲೂ ಪುರುಸೊತ್ತಿಲ್ಲದ ಹಾಗೆ ಕೂತಿತು. ಅದರ ಪಕ್ಕ ಇನ್ನೊಂದು, ಅದರ ಬೆನ್ನಿಗೆ ಹತ್ತಾರು, ಒಂದನ್ನೊಂದು ದಬ್ಬುತ್ತ, ಶಾಲೆ ಬಿಟ್ಟ ಮಕ್ಕಳ ಹಾಗೆ, ಯಾರ ಹೆಗಲ ಮೇಲೆ ಯಾರ ಕೈಯೋ ತಿಳಿಯದ ಹಾಗೆ, ಕಪ್ಪು ಕಪ್ಪಾಗಿ, ದಟ್ಟವಾಗಿ, ಮೆಲ್ಲಗೆ ಉಕ್ಕಿ ತೊಟ್ಟಿಯ ತುಟಿಯವರೆಗೆ ಬಂದವು. ಅವಳು ನೊರೆ ಬಾಚುವ ಪುಟ್ಟ ಹಲಗೆಯಿಂದ ಎಳೆದಳು. ನೊರೆ ಮೊಸರ ಕೆನೆಯ ಹಾಗೆ ದಪ್ಪಗೆ ಬಟ್ಟಲಿಗೆ ಜಾರಿತು. ಮತ್ತೆ ಎಳೆದಳು. ಮತ್ತೆ ಬಂತು. ಅವಳಿಗೆ ಕುಣಿಯಬೇಕೆನಿಸಿತು; ಕೈಯಲ್ಲಿ ಹಲಗೆ ಇದ್ದುದರಿಂದ ಕಾಲಿನ ಬೆರಳುಗಳನ್ನು ಮಾತ್ರ ಚಪ್ಪಲಿಯೊಳಗೆ ಕುಣಿಸಿದಳು.

"ಅಕ್ಕ, ಇದು ನಮ್ಮ ಕಲ್ಲೇನಾ? ಯಾರದಾದ್ರೂ ಕದ್ದು ತಂದ್ನಾ ನಾನು?"

"ಮಾತಾಡ್ಬೇಡಿ ಅಣ್ಣ, ದೃಷ್ಟಿ ತಾಗುತ್ತೆ."

ಒಣಗಿಸಿದ ಪುಡಿಯನ್ನು ಟಿಕ್‌ಟಿಕ್‌ಳ ಕೈಗೆ ಕೊಟ್ಟಳು. ಆಕೆ ಅದನ್ನು ಯಂತ್ರದೊಳಗೆ ತಳ್ಳಿ, ಎಂದಿನ ಹಾಗೆ ಬಿಸ್ಕತ್ತಿನ ಪೊಟ್ಟಣ ಇರುವ ಹೊರಗಿನ ಮೇಜಿಗೆ ಹೊರಟವಳು, ಬಾಗಿಲಲ್ಲೇ ನಿಂತಳು. ಯಂತ್ರ ತೂಕಡಿಸುತ್ತಿರಲಿಲ್ಲ. ಕಾದ ಬಾಣಲೆಗೆ ಒಂದು ಹಿಡಿ ಸಾಸಿವೆ ಎರಚಿದ ಹಾಗೆ, ಚಟಪಟ ಚಟಪಟ ಚಟಪಟ. "ಏನ್ ಹಾಕಿದ್ಯೇ ಇದಕ್ಕೆ?" ಎಂದಳು ಟಿಕ್‌ಟಿಕ್.

"ಏನೂ ಹಾಕಿಲ್ಲ. ತೊಳೆಯೋದು ಬಿಟ್ಟೆ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಅವಳು ಸೀದಾ ಗೋಡೆಯ ಕಪಾಟಿಗೆ ಹೋಗಿ, ಹಳೆಯ ಪ್ರಯೋಗಗಳ ಕೊಳೆನೀರಿನ ಡಬ್ಬಿಗಳಲ್ಲಿ ಎರಡನೆಯ ನೀರು, ಮೂರನೆಯ ನೀರು ಎಂದು ಬರೆದವನ್ನು ಇಳಿಸಿದಳು. ಮೊದಲ ನೀರನ್ನು ಒಮ್ಮೆ ಎಣಿಸಿ ನೋಡಿ ಬರೀ ಜೇಡಿ ಎಂದುಕೊಂಡವಳು ಉಳಿದೆರಡನ್ನು ನೋಡುವ ಗೊಡವೆಗೇ ಹೋಗಿರಲಿಲ್ಲ. ಮೊದಲ ನೀರಿನಲ್ಲಿ ಇಲ್ಲದ್ದು ಮೂರನೆಯದರಲ್ಲಿ ಎಲ್ಲಿಂದ ಬಂದೀತು? ತಳದಲ್ಲಿ ಕೂತ ಕೆಸರನ್ನು ಬಳಿದು, ದೀಪದ ಕೆಳಗೆ ಒಣಗಿಸಿ, ಯಂತ್ರಕ್ಕಿಟ್ಟರು. ಎರಡನೆಯ ನೀರು ಚಟಪಟ ಎಂದಿತು. ಮೂರನೆಯದು ಅದಕ್ಕಿಂತ ಜೋರು. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಷ್ಟು ಸರಳ! ಆ ಖನಿಜ ನೋಡಲು ಭಾರ, ಕಪ್ಪು, ಗಟ್ಟಿ. ಉಜ್ಜಿದರೆ ಬಲು ಬೇಗ ಉದುರುತ್ತದೆ. ಕಲಕಿದಷ್ಟೂ ಮರಳಿಗೆ ಮೈ ಉಜ್ಜಿಕೊಂಡು ನುಣ್ಣಗೆ ಪುಡಿಯಾಗುತ್ತದೆ, ಪುಡಿಯಾದದ್ದು ಬಗ್ಗಡದ ಜೊತೆ ತೇಲಿಹೋಗುತ್ತದೆ. ಕೊಳೆ ಮೊದಲ ನೀರಿಗೇ ಹೋಗಿತ್ತು. ಆಮೇಲೆ ತೊಳೆದು ತೊಳೆದು ತೆಗೆದದ್ದೆಲ್ಲ ಬೇಕಾದದ್ದನ್ನೇ. ಕಳಕೊಂಡದ್ದನ್ನು ಚೊಕ್ಕಟವಾಗಿ ಡಬ್ಬಿಗೆ ತುಂಬಿ, ತನ್ನ ಅಕ್ಷರದಲ್ಲೇ ಕೊಳೆ ಎಂದು ಚೀಟಿ ಅಂಟಿಸಿಟ್ಟಿದ್ದಳು.

ನಾಚಿಕೆಯಾಗಬೇಕಿತ್ತು. ಹೊಟ್ಟೆಯೊಳಗಿಂದ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಬಲೂನಿನ ಕೋಣೆಯಲ್ಲಿ ನಕ್ಕದ್ದಲ್ಲ ಇದು, ಇದರಲ್ಲಿ ಮುಳ್ಳಿರಲಿಲ್ಲ. ಕಣ್ಣಲ್ಲಿ ನೀರು ಬಂದು, ಕೈಗವಸು ತೊಟ್ಟ ಕೈಯಿಂದ ಒರೆಸಿಕೊಳ್ಳಲಾಗದೆ, ಭುಜಕ್ಕೆ ಕೆನ್ನೆ ಉಜ್ಜಿಕೊಂಡು ನಕ್ಕಳು. "ನಮ್ಮ ಅಕ್ಕಂಗೆ ಏನೋ ಆಗಿದೆ" ಎಂದ ಗಿರಣಿಯಣ್ಣ, ತಾನೂ ನಗುತ್ತ. "ಇಷ್ಟು ದಿನ ನಾನು ಹೊತ್ತು ತಂದ ನೀರೆಲ್ಲ ದಂಡವಾ? ನನ್ನ ಸೊಂಟ ವಾಪಸ್ ಕೊಡಿ!" ಟಿಕ್‌ಟಿಕ್ ಬಿಸ್ಕತ್ತಿನ ಪೊಟ್ಟಣವನ್ನು ಹೊರಗಿನ ಮೇಜಿನಿಂದಲೇ ಗಾಜಿನಾಚೆ ಎತ್ತಿ ತೋರಿಸಿ ಎಲ್ಲರನ್ನೂ ಕರೆದಳು. ಕೈಗವಸು ಕಳಚಿ, ತೊಟ್ಟಿಯ ಮೀಸಲು ನೀರಿನಲ್ಲಿ ಕೈ ತೊಳೆದು ಎಲ್ಲರೂ ಹೊರಗೆ ಬಂದು ನಿಂತೇ ತಿಂದರು. "ಮೂರು ನೀರು ಯಾರು ಹೇಳಿಕೊಟ್ಟಿದ್ದೇ ನಿನಗೆ?" ಎಂದು ಟಿಕ್‌ಟಿಕ್ ಕೇಳಿದಳು. "ಯಾರೂ ಇಲ್ಲ" ಎಂದಳು. ಯಾವಾಗ ಶುರುಮಾಡಿದೆ ಎಂದು ತನ್ನನ್ನೇ ಕೇಳಿಕೊಂಡಳು. ಬಿಸ್ಕತ್ತು ಬಾಯಲ್ಲೇ ನಿಂತಿತು. ಬಲೂನಿನ ಮಾರನೆಯ ದಿನ. ಆ ದಿನ ಬೆಳಿಗ್ಗೆ ಬಂದವಳೇ, ಒಂದು ಸಲ ಸಾಲದು ಅಣ್ಣ, ಇನ್ನೆರಡು ನೀರು ಹಾಕಿ ಎಂದಿದ್ದಳು. ಅಲ್ಲಿಂದ ಮುಂದಕ್ಕೆ ಇನ್ನೂ ಏನೋ ಇದೆ, ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆ ಎನಿಸಿತು. ಅಷ್ಟರಲ್ಲಿ ಗಿರಣಿಯಣ್ಣ, ನಲ್ಲಿಯಲ್ಲಿ ಗೊರಗೊರ ಸದ್ದಾಗುತ್ತಿದೆ, ನೀರು ಬಂತು ಎಂದು ಕೂಗಿಕೊಂಡ. ಬಂದ ನೀರನ್ನು ನೋಡಿ ಮೂವರೂ ಮತ್ತೆ ನಕ್ಕರು.

ಸಂಜೆ ಹೊರಬಾಗಿಲ ಯಂತ್ರದೊಳಗೆ ಕೈ ಇಟ್ಟಾಗ ಹಸಿರು ದೀಪ ಹತ್ತಿತು. ದಿನವೂ ಹತ್ತುವುದೇ. ದಿನವೂ ಅವಳು ಅದನ್ನು ನೋಡದೆಯೇ ಬಾಗಿಲು ದೂಡಿಕೊಂಡು ಹೋಗುತ್ತಿದ್ದಳು, ಮನೆಯ ಬಚ್ಚಲಿಗೆ ತಡವಾಗುತ್ತದೆಂಬ ಹಾಗೆ. ಇವತ್ತು ಅದು ಆರುವವರೆಗೆ ನಿಂತು ನೋಡಿದಳು. ಅಂಗಡಿಯಲ್ಲಿ ಸೋಪು ಕೊಂಡಳು. ಹಳದಿ ಹೊದಿಕೆಯದು ಕೊಡಿ, ಬೇಡ ಹಸಿರಿನದು ಕೊಡಿ ಎಂದಳು, ಅಂಗಡಿಯವನು, "ಏನಮ್ಮ, ಲಾಟರಿ ಹೊಡೀತಾ?" ಎಂದು ಕೇಳುವಷ್ಟು ಮುಖ ಅರಳಿತ್ತು. "ಕೊಳೆ ಅಂತ ಬಿಸಾಕಿದ್ದು ವಾಪಸ್ ಸಿಕ್ತು" ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಸಂತೋಷಪಟ್ಟ. ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಮೇಲಿನ ಕಂಬಿ ಹಿಡಿದು ತೂಗಾಡುತ್ತ ಅವಳು ಮಗಳಿಗೆ ಹೇಳಬೇಕಾದ ಮಾತುಗಳನ್ನು ಮತ್ತೆ ಜೋಡಿಸಲು ನೋಡಿದಳು. ವಿಷ ಇಲ್ಲ ಕಂದಾ, ಯಂತ್ರ ಇದೆ ಕಂದಾ. ಒಂದೂ ನಿಲ್ಲಲಿಲ್ಲ, ಎಲ್ಲದರ ಮೇಲೂ ಕಪ್ಪು ನೊರೆ ಉಕ್ಕುಕ್ಕಿ ಬರುತ್ತಿತ್ತು. ಅದನ್ನೇ ಮೊದಲು ಹೇಳಬೇಕು. ಇಷ್ಟೇ ಇಷ್ಟು ಗುಳ್ಳೆ, ಕಣೇ ಸಾಸಿವೆ, ಅಷ್ಟು ಭಾರದ ಕಲ್ಲು! ಇಳಿಯುವ ಜಾಗದಿಂದ ಮನೆಯವರೆಗೆ ಅವಳು ನಡೆದದ್ದಲ್ಲ, ಓಡಿದ್ದೂ ಅಲ್ಲ, ನಡುವಿನದೇನೋ. ಎದುರುಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ನೋಡಿದ.

"ಸಾಸಿವೆ! ಎಲ್ಲೇ?"

"ಬಚ್ಚಲಲ್ಲಿದಾಳೆ, ಇನ್ನೆಲ್ಲಿ?" ಎಂದರು ಅತ್ತೆ ಒಳಗಿನಿಂದ. "ನಿನ್ನ ಬಸ್ಸು ಬರೋ ಹೊತ್ತಾಯ್ತು ಅಂದ್ರೆ ಸಾಕು, ಅಲ್ಲೇ ಠಿಕಾಣಿ, ನಿನ್ನ ಚಪ್ಪಲಿ ಸದ್ದಾದ ಮೇಲೇ ಹೊರಗೆ ಬರೋದು. ಏನ್ ಮಾಡ್ತಾಳೋ ದೇವರಿಗೇ ಗೊತ್ತು. ಸೋಪು ತಂದ್ಯಾ?"

ಅವಳು ಚಪ್ಪಲಿ ಬಿಟ್ಟದ್ದೋ ಇಲ್ಲವೋ. ಚೀಲ ಅಲ್ಲೇ ಕೆಳಗೆ ಬಿತ್ತು. ಬಚ್ಚಲ ಬಾಗಿಲು ತಳ್ಳಿದರೆ, ಸಾಸಿವೆ ನಲ್ಲಿಯ ಮುಂದೆ ತುದಿಗಾಲಲ್ಲಿ ನಿಂತು, ಬೆನ್ನು ತಿರುಗಿಸಿ, ಏನನ್ನೋ ಬಲು ಶ್ರದ್ಧೆಯಿಂದ ಉಜ್ಜುತ್ತಿದ್ದಳು. "ಕೇಳಿಲ್ಲಿ, ಕೇಳಿಲ್ಲಿ, ಇವತ್ತೇನಾಯ್ತು ಗೊತ್ತಾ" ಎನ್ನುತ್ತಲೇ ಅವಳು ಮಗಳನ್ನು ಕಂಕುಳಿಗೆ ಕೈಕೊಟ್ಟು ಹಾಗೇ ಮೇಲೆತ್ತಿಬಿಟ್ಟಳು. ಮಗು ಭಾರವಾಗಿತ್ತು, ಎಷ್ಟು ದಿನಗಳಾದವು, ಇಷ್ಟು ಭಾರವಾಗಿದ್ದು ಗೊತ್ತೇ ಆಗಿರಲಿಲ್ಲ. ಆ ಭಾರವನ್ನು ಹೊತ್ತುಕೊಂಡೇ ಹಜಾರದಲ್ಲಿ ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು, ದೀಪವೂ ಗೋಡೆಯೂ ಅತ್ತೆಯ ಬಿಟ್ಟ ಬಾಯಿಯೂ ಸುತ್ತಿದವು. "ಕಪ್ಪಗೆ, ಕಣೇ, ಮಸಿ ಥರ! ಬರ್ತಾನೇ ಇದೆ, ಬರ್ತಾನೇ ಇದೆ!" ಸಾಸಿವೆ ಮೊದಲು ಮರದ ತುಂಡಿನ ಹಾಗೆ ಬಿಗಿದುಕೊಂಡಿದ್ದಳು, ಎರಡನೆಯ ಸುತ್ತಿಗೆ ಕಾಲುಗಳೆರಡೂ ಅಮ್ಮನ ಸೊಂಟ ಸುತ್ತಿಕೊಂಡವು. ಒಮ್ಮೆಗೇ ಕೀಚೆಂದು ಕೂಗಿ ನಕ್ಕಳು. ಒದ್ದೆ ಕೈಗಳು ಅಮ್ಮನ ಕತ್ತಿನ ಹಿಂದೆ ಹೆಣೆದುಕೊಂಡವು. ತಣ್ಣಗಿದ್ದವು. ಬೆರಳ ತುದಿಗಳು ಬಹಳ ಹೊತ್ತು ನೀರಿನಲ್ಲಿದ್ದು ಸುಕ್ಕುಗಟ್ಟಿದ್ದವು, ಅಂಗೈ ಮರದ ತೊಗಟೆಯ ಹಾಗೆ ಒರಟಾಗಿತ್ತು, ಸೋಪಿನ ನೊರೆ ಇನ್ನೂ ಮಣಿಕಟ್ಟಿನಿಂದ ಇಳಿಯುತ್ತಿತ್ತು.

ಅವಳು ಸುತ್ತುವುದನ್ನು ನಿಲ್ಲಿಸಿದಳು. ಎತ್ತಿಕೊಂಡದ್ದನ್ನು ಇಳಿಸಲಿಲ್ಲ.

ಸಾಸಿವೆ ಒಂದು ಕೈಯನ್ನು ಅಮ್ಮನ ಕತ್ತಿನಿಂದ ಬಿಡಿಸಿಕೊಂಡು ದೀಪದ ಬೆಳಕಿಗೆ ಹಿಡಿದು, ಮೇಲೆ ಕೆಳಗೆ ತಿರುಗಿಸಿ ನೋಡಿಕೊಂಡಳು. ಪರೀಕ್ಷೆಯಲ್ಲಿ ಪಾಸಾದವಳ ಹೆಮ್ಮೆ ಮುಖದ ತುಂಬ ಹರಡುತ್ತಿತ್ತು. ಉಸಿರು ಇನ್ನೂ ಏರಿಳಿಯುತ್ತಿತ್ತು. ಆಮೇಲೆ ಬಾಯಿಯನ್ನು ಅಮ್ಮನ ಕಿವಿಯ ಹತ್ತಿರ ತಂದು, ಪಿಸುಗುಟ್ಟಲು ಹೊರಟು, ಸಂತೋಷಕ್ಕೆ ಪಿಸುಮಾತು ಬಾರದೆ, ಮನೆಗೆಲ್ಲ ಕೇಳುವ ಹಾಗೆ ಕೇಳಿದಳು:

"ಅಮ್ಮಾ, ಎಷ್ಟು ಸಲ ತೊಳ್ಕೊಂಡ್ರೆ ನೀನು ನನ್ನ ಎತ್ಕೋತೀಯ ಅಂತ ಬೆಳಿಗ್ಗೆ ಕೇಳೋಣ ಅಂತಿದ್ದೆ. ಇವತ್ತು ನನ್ನ ಕೈ ಸರಿಯಾಗಿ ಶುಚಿಯಾಗಿದ್ವಾ?"